ಬಾರದ ಫಾರ್ಮ್ 16 ಮತ್ತು ಅಪ್ಪಯ್ಯನ ಪಟ್ಟಿಗಳು

ನಾನು ನೋಯ್ಡಾದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುತ್ತೇನೆ ಎಂದರೆ ಸಾಗರದ ಕಡೆಯ ನಮ್ಮ ನೆಂಟರು ನೋಯ್ಡಾ ಅನ್ನುವುದನ್ನು ಬಿಟ್ಟು ಉಳಿದದ್ದನ್ನಷ್ಟೇ ಕೇಳಿಸಿಕೊಳ್ಳುತ್ತಾರೆ. "ಬೆಂಗಳೂರಲ್ಲೇ ಇದ್ಕೊಂಡು ಹಬ್ಬಕ್ಕೂ ಬರಲ್ಲ ಅಂದ್ರೆ ಎಂತ ಹೇಳೋದು" ಎಂದು ಅತ್ತೆಯೊಬ್ಬರು ಬೈದದ್ದೂ ಇದೆ. ದೆಹಲಿಯ ನೀಲಿ ಮೆಟ್ರೋದ ಕೊನೆಯ ನಿಲ್ದಾಣದ ಹೆಸರೇ ಹಾಗಿದೆ, ನಾನೇನು ಮಾಡಲಿ? ಆದರೆ 2024ರಲ್ಲಿ ಬೆಂಗಳೂರಿನ ಅಸಲಿ ಎಲೆಕ್ಟ್ರಾನಿಕ್ ಸಿಟಿಗೂ ನನಗೂ ಒಂದು ಸಂಬಂಧ ಬೆಳೆಯಿತು. ಅಲ್ಲಿಂದ ನನಗೊಂದು ಮೇಲ್ ಬಂತು. ನಾನು ಸರ್ಕಾರಕ್ಕೆ ಹದಿನೆಂಟು ಸಾವಿರ ಚಿಲ್ಲರೆ ರೂಪಾಯಿ ಬಾಕಿ ಇದ್ದೇನೆ ಎಂದು ಅದರಲ್ಲಿತ್ತು. ಆ ಹಣ ಅದಾಗಲೇ ನನ್ನ ಸಂಬಳದಿಂದ ಹಿಡಿದುಕೊಂಡದ್ದಾಗಿತ್ತು.

ಮೊದಲು ಒಂದು ಮಾತು ಹೇಳಿಬಿಡಬೇಕು. ನಮ್ಮ ಮನೆಯಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲನೆಯವಳು ನಾನು. ಅಪ್ಪಯ್ಯನದು ಎರಡು ಎಕರೆ ಅಡಿಕೆ ತೋಟ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಆ ಇಲಾಖೆಯ ಹೆಸರನ್ನು ಅವರು ಪೇಪರಿನಲ್ಲಿ ರಾಜಕಾರಣಿಗಳ ಮನೆ ಮೇಲೆ ದಾಳಿಯಾದಾಗ ಮಾತ್ರ ಓದಿದ್ದರು. ದೆಹಲಿಗೆ ಬಂದ ಮೊದಲ ವರ್ಷದ ಫಾರ್ಮ್ 16 ಕೈಗೆ ಬಂದಾಗ ನಾನು ಸುಮ್ಮನೆ ತಮಾಷೆಗೆ ಅದನ್ನು ವಾಟ್ಸಾಪಿನಲ್ಲಿ ಕಳಿಸಿದ್ದೆ. ಅವರು ಸಾಗರಕ್ಕೆ ಹೋಗಿ ಪ್ರಿಂಟ್ ಹಾಕಿಸಿ, ಅಡಿಕೆ ಮಂಡಿಯ ಪಟ್ಟಿಗಳ ಕಟ್ಟಿನಲ್ಲಿ ಸೇರಿಸಿಟ್ಟರು. ಅಡಿಕೆ ಕೊಟ್ಟಾಗ ಮಂಡಿಯವರು ಬರೆದುಕೊಡುವ ಪಟ್ಟಿ ಗೊತ್ತಲ್ಲ? ಎಷ್ಟು ಚೀಲ, ಎಷ್ಟು ತೂಕ, ಏನು ದರ, ಹಮಾಲಿ ಎಷ್ಟು ಕಳೆದದ್ದು, ಉಳಿದದ್ದು ಎಷ್ಟು. "ಇದೂ ಪಟ್ಟಿನೇ ಅಲ್ದಾ? ನಿನ್ನ ದುಡಿಮೆದು" ಎಂದಿದ್ದರು. ಫಾರ್ಮ್ 16ಕ್ಕೆ ಅದಕ್ಕಿಂತ ಸರಿಯಾದ ವಿವರಣೆಯನ್ನು ನಾನು ಆಮೇಲೆ ಯಾವ ಸಿಎ ಬಾಯಿಂದಲೂ ಕೇಳಲಿಲ್ಲ.

ನಾನು ಆಗ ಇದ್ದದ್ದು ಸೆಕ್ಟರ್ 63ರಲ್ಲಿದ್ದ ಒಂದು ಸಣ್ಣ ಕಂಪನಿಯಲ್ಲಿ. ಮಕ್ಕಳಿಗೆ ಆನ್‌ಲೈನ್ ಪಾಠ ತಯಾರಿಸುವ ಕೆಲಸ. ಜನ ಅರವತ್ತರ ಮೇಲಿರಲಿಲ್ಲ. ನನ್ನ ಸಂಬಳ ತಿಂಗಳಿಗೆ 85,000 ರೂಪಾಯಿ. ಅದರಲ್ಲಿ 1,800 ಪಿಎಫ್, 4,810 ಟಿಡಿಎಸ್ ಕಳೆದು 78,390 ರೂಪಾಯಿ ಬ್ಯಾಂಕಿಗೆ ಬೀಳುತ್ತಿತ್ತು. ಈ ಅಂಕಿಗಳನ್ನು ಈಗ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆಗ ಗಮನಿಸಿರಲಿಲ್ಲ. ಸಂಬಳ ಬಂತು ಎಂಬ ಮೆಸೇಜ್ ಬಂದರೆ ಬಾಡಿಗೆ ಕಳಿಸಿ, ಊರಿಗೊಂದಿಷ್ಟು ಹಾಕಿ, ಉಳಿದದ್ದರಲ್ಲಿ ತಿಂಗಳು ದೂಡುವ ಎಲ್ಲರ ಹಾಗೆಯೇ ನಾನೂ.

2024ರ ಫೆಬ್ರವರಿಯಲ್ಲಿ ಜನವರಿಯ ಸಂಬಳ ಹತ್ತು ದಿನ ತಡವಾಗಿ ಬಂತು. ಫೆಬ್ರವರಿಯ ಸಂಬಳ ಬರಲೇ ಇಲ್ಲ. "ಫಂಡಿಂಗ್ ಬರ್ತಾ ಇದೆ" ಎಂದು ಎರಡು ವಾರ ಹೇಳಿದರು. ತಿಂಗಳ ಕೊನೆಯ ದಿನ, ಅದೂ ಅಧಿಕ ವರ್ಷದ 29ನೇ ತಾರೀಕು, ಎಲ್ಲರೂ ರಾಜೀನಾಮೆ ಕೊಟ್ಟುಬಿಡಿ, ಬಾಕಿಯನ್ನೆಲ್ಲ ಒಟ್ಟಿಗೆ ಚುಕ್ತಾ ಮಾಡುತ್ತೇವೆ ಎಂದರು. ಕೊಟ್ಟೆವು. ಮಾರ್ಚ್ ಎರಡನೇ ವಾರ ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಆಫೀಸಿನ ಮೇಲ್ ತೆರೆಯುತ್ತಿರಲಿಲ್ಲ. ಸ್ಯಾಲರಿ ಸ್ಲಿಪ್ ಸಿಗುತ್ತಿದ್ದ ಎಚ್‌ಆರ್ ಪೋರ್ಟಲ್ ಕೂಡ ಸತ್ತಿತ್ತು. ಏಪ್ರಿಲ್‌ನಲ್ಲಿ ಬೇರೆ ಕಡೆ ಕೆಲಸ ಸಿಕ್ಕಿತು. ಒಂದು ತಿಂಗಳ ಸಂಬಳ ಹೋಯಿತು, ಹಾಳಾಗಲಿ ಎಂದು ಮರೆಯಲು ಪ್ರಯತ್ನಿಸಿದೆ.

ಜೂನ್ 15, ಹಿಂದಿನ ಆರ್ಥಿಕ ವರ್ಷದ ಫಾರ್ಮ್ 16 ಕೊಡಲು ಮಾಲೀಕರಿಗೆ ಇರುವ ಕೊನೆಯ ದಿನ. ಅದು ದಾಟಿತು. ಹಳೆಯ ಎಚ್‌ಆರ್‌ಗೆ ಅವರ ಸ್ವಂತ ನಂಬರಿಗೆ ಮೆಸೇಜ್ ಹಾಕಿದೆ. "ಟಿಡಿಎಸ್ ಕಟ್ಟುತ್ತಿದ್ದಾರೆ, ಸ್ವಲ್ಪ ಕಾಯಿರಿ" ಎಂಬ ಉತ್ತರ ಬಂತು. ಆಮೇಲೆ ಅವರೂ ಉತ್ತರಿಸುವುದನ್ನು ಬಿಟ್ಟರು. ಪಾಪ, ಅವರ ಸಂಬಳವೂ ಬಂದಿರಲಿಲ್ಲ.

"ಕಟ್ಟುತ್ತಿದ್ದಾರೆ" ಅನ್ನುವ ಪದ ಮನಸ್ಸಿನಲ್ಲಿ ಕೂತಿತು. ಹಿಡಿದದ್ದು ಆಗಲೇ, ಕಟ್ಟುವುದು ಈಗಲಾ? ಆ ರಾತ್ರಿ ಇಂದಿರಾಪುರದ ರೂಮಿನಲ್ಲಿ ಕೂಲರ್ ಗದ್ದಲದ ಮಧ್ಯೆ ಕೂತು, ಮೊದಲ ಬಾರಿಗೆ ಫಾರ್ಮ್ 26ಎಎಸ್ ತೆರೆದೆ. ನಮ್ಮ ಪ್ಯಾನ್ ಹೆಸರಿನಲ್ಲಿ ಯಾರು ಯಾರು ಎಷ್ಟು ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಿದ್ದಾರೆ ಎಂದು ತೋರಿಸುವ ಪಾಸ್‌ಬುಕ್ ಅದು. ಏಪ್ರಿಲ್‌ನಿಂದ ಜೂನ್‌ವರೆಗೆ 14,430. ಜುಲೈನಿಂದ ಸೆಪ್ಟೆಂಬರ್‌ವರೆಗೆ 14,430. ಅಷ್ಟೇ. ಅಕ್ಟೋಬರ್‌ನಿಂದ ಜನವರಿಯವರೆಗೆ ಏನೂ ಇಲ್ಲ. ಹತ್ತು ತಿಂಗಳು ನನ್ನಿಂದ ಹಿಡಿದದ್ದು 48,100. ಸರ್ಕಾರಕ್ಕೆ ತಲುಪಿದ್ದು 28,860. ನಡುವಿನ 19,240 ರೂಪಾಯಿ ಎಲ್ಲಿ ಹೋಯಿತು?

ನನಗೆ ಸಿಟ್ಟಿಗಿಂತ ಮೊದಲು ಬಂದದ್ದು ಹೆದರಿಕೆ. ನಾನೇ ಕಳ್ಳತನ ಮಾಡಿ ಸಿಕ್ಕಿಬಿದ್ದ ಹಾಗೆ.

ಕಂಪನಿಯ ನೋಂದಾಯಿತ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಾಗದ ಕಳಿಸಿದೆ. ಹನ್ನೆರಡು ದಿನಕ್ಕೆ ಲಕೋಟೆ ವಾಪಸ್ ಬಂತು. ಮೇಲೆ ಪೋಸ್ಟ್‌ಮ್ಯಾನ್ ಹಿಂದಿಯಲ್ಲಿ ಬರೆದಿದ್ದ: 'ಛೋಡ್ ಕರ್ ಚಲಾ ಗಯಾ.' ಬಿಟ್ಟು ಹೋಗಿದ್ದಾರೆ. ಅದನ್ನು ಹರಿದು ಬಿಸಾಡಬೇಕು ಎನ್ನಿಸಿತು. ಅದೃಷ್ಟಕ್ಕೆ ಬಿಸಾಡಲಿಲ್ಲ.

ಸಲಹೆ ಕೊಡುವವರಿಗೆ ದೆಹಲಿಯಲ್ಲಿ ಬರವಿಲ್ಲ. ಜೊತೆಗೆ ಕೆಲಸ ಮಾಡಿದ್ದ ಒಬ್ಬ ಗೆಳೆಯ ಹೇಳಿದ್ದು ಬಹಳ ಸರಳವಾಗಿತ್ತು. ಆದಾಯ ತೆರಿಗೆಯ ಪೋರ್ಟಲ್‌ನಲ್ಲಿ ರಿಟರ್ನ್ ತೆರೆದರೆ ನಮ್ಮ ಸಂಬಳವನ್ನು ಅದೇ ಮೊದಲೇ ತುಂಬಿಟ್ಟಿರುತ್ತದೆ. ಕಂಪನಿ ಎರಡೇ ತ್ರೈಮಾಸಿಕದ ಲೆಕ್ಕ ಕೊಟ್ಟಿದ್ದರಿಂದ ನನ್ನ ಸಂಬಳ ಅಲ್ಲಿ 5,10,000 ಎಂದಿತ್ತು. "ಅದನ್ನೇ ಒಪ್ಪಿಕೊಂಡು ಬಟನ್ ಒತ್ತು" ಎಂದ. ನಾನು ಲೆಕ್ಕ ಹಾಕಿದೆ. ಹೊಸ ಪದ್ಧತಿಯಲ್ಲಿ 50,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 4,60,000. ಆ ವರ್ಷ ಏಳು ಲಕ್ಷದವರೆಗೆ ರಿಯಾಯಿತಿ ಇದ್ದುದರಿಂದ ತೆರಿಗೆ ಸೊನ್ನೆ. ಅಂದರೆ ಕಟ್ಟಿದ 28,860 ಪೂರ್ತಿ ನನ್ನ ಕೈಗೆ ವಾಪಸ್! "ಕಂಪನಿ ನಿನಗೆ ಮೋಸ ಮಾಡ್ತು, ಇದು ಹಂಗೇ ಸರಿಹೋಗುತ್ತೆ ಬಿಡು" ಎಂದ ಗೆಳೆಯ.

ಎರಡನೆಯ ಸಲಹೆ ಲಕ್ಷ್ಮಿನಗರದ ಒಬ್ಬ ಸಿಎ ಅವರದು. ಲಕ್ಷ್ಮಿನಗರದಲ್ಲಿ ಕಲ್ಲೆಸೆದರೆ ಸಿಎಗೋ ಸಿಎ ಓದುತ್ತಿರುವವನಿಗೋ ಬೀಳುತ್ತದೆ. ಅವರು ನನ್ನ ಕಾಗದಗಳನ್ನು ಎರಡು ನಿಮಿಷ ನೋಡಿ, "ಮೇಡಂ, ಛಬ್ಬೀಸ್ ಎಎಸ್ ಕೇ ಹಿಸಾಬ್ ಸೇ ಭರ್ ದೋ, ಝಂಝಟ್ ಖತಮ್" ಎಂದರು. ಆದಾಯ ಪೂರ್ತಿ ತೋರಿಸಿ, ಆದರೆ ತೆರಿಗೆ ಕಟ್ಟಿದ್ದು 26ಎಎಸ್‌ನಲ್ಲಿ ಇದ್ದಷ್ಟೇ ಎಂದು ಒಪ್ಪಿಕೊಳ್ಳಿ, ಉಳಿದದ್ದನ್ನು ಕೈಯಿಂದ ಕಟ್ಟಿ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತಲೆನೋವು ಬೇಡ ಎನ್ನುವ ಬಹಳ ಜನ ಮಾಡುವುದೂ ಅದನ್ನೇ. ಆದರೆ ಒಂದೇ ದುಡಿಮೆಗೆ ಎರಡು ಸಲ ತೆರಿಗೆ.

ಮೂರನೆಯದನ್ನು ಹೇಳಿದವರು ಕಾಕಾ. ಆರ್.ಕೆ.ಪುರಂನ ದೆಹಲಿ ಕರ್ನಾಟಕ ಸಂಘದಲ್ಲಿ ಒಂದು ಭಾನುವಾರ ಕಾರ್ಯಕ್ರಮಕ್ಕೆ ಹೋಗಿದ್ದೆ. ಧಾರವಾಡದ ಕಡೆಯ ಹಿರಿಯರೊಬ್ಬರು ಅಲ್ಲಿ ಸಿಗುತ್ತಾರೆ. ಲೆಕ್ಕಪರಿಶೋಧನೆಯ ಕೆಲಸದಲ್ಲಿದ್ದು ನಿವೃತ್ತರಾದವರು. ನಾವೆಲ್ಲ ಕಾಕಾ ಎನ್ನುತ್ತೇವೆ. ಚಹಾ ಕುಡಿಯುತ್ತ ನನ್ನ ಗೋಳು ಹೇಳಿಕೊಂಡೆ. ಅವರು ಕೇಳಿದ ಮೊದಲ ಪ್ರಶ್ನೆ: "ಸ್ಲಿಪ್ ಅದಾವೇನು?"

"ಕೆಲವು ಇದಾವೆ ಕಾಕಾ. ಆದ್ರೆ ಫಾರ್ಮ್ ಹದಿನಾರು ಇಲ್ಲ."

"ಫಾರ್ಮ್ ಹದಿನಾರು ಅಂದ್ರ ಏನ್ ನಿನ್ನ ಜಾತಕ ಅಂತ ತಿಳದೀ ಏನ ತಂಗಿ? ಅದು ಅವರು ಕೊಡಬೇಕಾದ ರಸೀದಿ. ರಸೀದಿ ಕೊಡಲಿಲ್ಲ ಅಂದ್ರ ವ್ಯವಹಾರನ ನಡದಿಲ್ಲ ಅಂತ ಅರ್ಥ ಏನು? ರಿಟರ್ನ್ ತುಂಬಾಕ ಅದು ಬೇಕs ಬೇಕು ಅಂತ ಕಾಯ್ದೆದಾಗ ಎಲ್ಲೂ ಇಲ್ಲ. ರಿಟರ್ನ್ ನಿಂದು. ನಿನ್ನ ಹೇಳಿಕಿ. ನೀ ದುಡದದ್ದೆಷ್ಟು, ನಿನ್ನ ಕಡೆಯಿಂದ ಹಿಡದದ್ದೆಷ್ಟು, ಅದನ್ನ ಖರೇ ಖರೇ ಬರಿ. ಪುರಾವೆ ಇಟ್ಕೋ."

ಆಮೇಲೆ ಅವರು ಟಿಶ್ಯೂ ಪೇಪರಿನ ಮೇಲೆ ಒಂದು ಸಂಖ್ಯೆ ಬರೆದುಕೊಟ್ಟರು: 205. 1961ರ ಆದಾಯ ತೆರಿಗೆ ಕಾಯ್ದೆಯ ಆ ಸೆಕ್ಷನ್ ಪ್ರಕಾರ, ನಮ್ಮ ಹಣದಿಂದ ತೆರಿಗೆ ಹಿಡಿದಾಗಿದ್ದರೆ ಅಷ್ಟನ್ನು ಮತ್ತೆ ನಮ್ಮಿಂದ ಕೇಳುವಂತಿಲ್ಲ. ಹಿಡಿದವನು ಕಟ್ಟದಿದ್ದರೆ ಅವನನ್ನು ಕೇಳಬೇಕು. ಹಿಡಿದು ಕಟ್ಟದಿರುವುದು ಸಣ್ಣ ತಪ್ಪೂ ಅಲ್ಲ. 276ಬಿ ಸೆಕ್ಷನ್ ಪ್ರಕಾರ ಮೂರು ತಿಂಗಳಿಂದ ಏಳು ವರ್ಷದವರೆಗೆ ಜೈಲಾಗಬಹುದು. ಫಾರ್ಮ್ 16 ಕೊಡದಿದ್ದರೆ ದಿನಕ್ಕೆ 500 ರೂಪಾಯಿ ದಂಡ, ತೆರಿಗೆಯ ಮೊತ್ತ ಮೀರದಂತೆ. "ಆ ದಂಡ ನಿನ್ನ ಕೈಗೆ ಬರಂಗಿಲ್ಲ ಮತ್ತ" ಎಂದು ನಕ್ಕರು.

ಮನೆಗೆ ಬಂದು ಪುರಾವೆ ಹುಡುಕಲು ಕೂತೆ. ಹತ್ತು ಸ್ಲಿಪ್‌ಗಳಲ್ಲಿ ನನ್ನ ಬಳಿ ಇದ್ದದ್ದು ಆರು. ಅದೂ ನನ್ನ ಜಾಣತನದಿಂದಲ್ಲ. 2023ರ ಜುಲೈನಲ್ಲಿ ಇಂದಿರಾಪುರದ ಮನೆ ಮಾಲೀಕರು, ಒಂಟಿ ಹುಡುಗಿಯರಿಗೆ ಮನೆ ಕೊಡುವ ಮೊದಲು ಮೂರು ತಿಂಗಳ ಸ್ಲಿಪ್ ಬೇಕೇ ಬೇಕು ಎಂದು ಹಟ ಹಿಡಿದಿದ್ದರು. ಅವತ್ತು ಎಷ್ಟು ಬೈದುಕೊಂಡಿದ್ದೆನೋ! ಏಪ್ರಿಲ್, ಮೇ, ಜೂನ್ ಸ್ಲಿಪ್‌ಗಳು ಆ ಮೇಲ್‌ನಲ್ಲಿ ಉಳಿದಿದ್ದವು. ಆಗಸ್ಟ್‌ನದು ಕ್ರೆಡಿಟ್ ಕಾರ್ಡ್ ಅರ್ಜಿಯಲ್ಲಿ ಸಿಕ್ಕಿತು. ಅಕ್ಟೋಬರ್ ಮತ್ತು ಡಿಸೆಂಬರ್‌ನವು ಫೋನಿನಲ್ಲಿ ಸ್ಕ್ರೀನ್‌ಶಾಟ್ ಆಗಿ ಇದ್ದವು. ನವೆಂಬರ್ ಮತ್ತು ಜನವರಿ ಇರಲಿಲ್ಲ. ಬೇಕಾಗಿದ್ದ ನಾಲ್ಕು ತಿಂಗಳಲ್ಲಿ ಎರಡು ಇಲ್ಲ.

ಆಗ ಬ್ಯಾಂಕ್ ಸ್ಟೇಟ್‌ಮೆಂಟ್ ಕೈ ಹಿಡಿಯಿತು. ಏಪ್ರಿಲ್‌ನಿಂದ ಜನವರಿಯವರೆಗೆ ಹತ್ತೂ ತಿಂಗಳು ಬಂದದ್ದು ಅದೇ 78,390. ಆಫರ್ ಲೆಟರ್‌ನಲ್ಲಿ ಸಂಬಳ 85,000. ನಡುವಿನ ವ್ಯತ್ಯಾಸ 6,610. ಪಿಎಫ್ 1,800 ತೆಗೆದರೆ ಉಳಿಯುವುದು 4,810. ಸ್ಲಿಪ್ ಇದ್ದ ತಿಂಗಳುಗಳಲ್ಲಿ ಅದರ ಹೆಸರು ಟಿಡಿಎಸ್. ಸ್ಲಿಪ್ ಇಲ್ಲದ ತಿಂಗಳಲ್ಲಿ ಅದಕ್ಕೆ ಬೇರೆ ಹೆಸರಿರಲು ಸಾಧ್ಯವೇ? ಒಂದು ಹಾಳೆಯಲ್ಲಿ ಹತ್ತು ತಿಂಗಳ ಸಾಲು ಬರೆದು, ಪ್ರತಿ ಸಾಲಿಗೂ ಯಾವ ಪುರಾವೆ ಎಂದು ಪಕ್ಕದಲ್ಲಿ ನಮೂದಿಸಿದೆ. ಎಚ್‌ಆರ್ ಕಳಿಸಿದ್ದ "ಟಿಡಿಎಸ್ ಕಟ್ಟುತ್ತಿದ್ದಾರೆ" ಎಂಬ ಮೆಸೇಜ್, ಹಿಡಿದದ್ದು ನಿಜ ಎಂದು ಅವರೇ ಒಪ್ಪಿಕೊಂಡ ಹಾಗೆ. ವಾಪಸ್ ಬಂದ ಲಕೋಟೆ, ನಾನು ಕೇಳಿದ್ದೆ ಎನ್ನುವುದಕ್ಕೆ. ಹಾಳೆ ಬರೆದು ಮುಗಿಸಿ ನೋಡಿದರೆ ಅದು ಅಪ್ಪಯ್ಯನ ಮಂಡಿ ಪಟ್ಟಿಯ ಹಾಗೇ ಇತ್ತು.

ಉಳಿದಿದ್ದು ಫೆಬ್ರವರಿ. ಬಾರದ ಸಂಬಳಕ್ಕೆ ತೆರಿಗೆ ಇಲ್ಲ ಎಂದೇ ನಾನು ತಿಳಿದಿದ್ದೆ. ಕಾಕಾ ಫೋನಿನಲ್ಲಿ ನನ್ನನ್ನು ತಿದ್ದಿದರು. 15ನೇ ಸೆಕ್ಷನ್ ಪ್ರಕಾರ ಸಂಬಳಕ್ಕೆ ತೆರಿಗೆ ಬೀಳುವುದು ಅದು ಬರಬೇಕಾದಾಗ ಅಥವಾ ಬಂದಾಗ, ಯಾವುದು ಮೊದಲೋ ಆಗ. ಕೈಗೆ ಬಂದಿರಬೇಕು ಎಂದೇನಿಲ್ಲ. ಫೆಬ್ರವರಿಯ 85,000 ಸೇರಿಸಿದರೆ ವರ್ಷದ ಸಂಬಳ 9,35,000. ತೆರಿಗೆ, ಸೆಸ್ ಸೇರಿ 45,240. ಸೇರಿಸದಿದ್ದರೆ 36,400. ಅಂದರೆ ನಾನು ಕಣ್ಣಲ್ಲೂ ನೋಡದ ದುಡ್ಡಿಗೆ 8,840 ರೂಪಾಯಿ ತೆರಿಗೆ!

ಈಗ ನನ್ನ ಮುಂದೆ ಮೂರು ಉತ್ತರಗಳಿದ್ದವು. ಗೆಳೆಯನ ಲೆಕ್ಕದಲ್ಲಿ ನನಗೆ 28,860 ವಾಪಸ್. ಸಿಎ ಲೆಕ್ಕದಲ್ಲಿ ನಾನು ಇನ್ನೂ 16,380 ಮತ್ತು ಬಡ್ಡಿ ಕಟ್ಟಬೇಕು. ನಡೆದದ್ದನ್ನು ನಡೆದ ಹಾಗೆ ಬರೆದರೆ 2,860 ವಾಪಸ್ ಬರಬೇಕು, ಆದರೆ ಬರುವುದಿಲ್ಲ, ಬದಲಿಗೆ ನೋಟಿಸ್ ಬರುತ್ತದೆ.

ನಾನು ಹರಿಶ್ಚಂದ್ರನ ವಂಶದವಳೇನಲ್ಲ. 28,860 ರೂಪಾಯಿ ಎಂದರೆ ಎರಡು ತಿಂಗಳ ಬಾಡಿಗೆ. ಎರಡು ರಾತ್ರಿ ಯೋಚಿಸಿದೆ. ಬ್ಯಾಂಕಿನಲ್ಲಿ ಹತ್ತು ತಿಂಗಳ ಸಂಬಳ ಕಾಣುತ್ತಿರುವಾಗ ಆರೇ ತಿಂಗಳು ತೋರಿಸಿದರೆ ಮುಂದೆ ಸಿಕ್ಕಿಬೀಳುವ ಭಯ ಇದ್ದೇ ಇತ್ತು. ಆದರೆ ನನ್ನನ್ನು ತಡೆದದ್ದು ಅದೊಂದೇ ಅಲ್ಲ. ಆ ಕಂಪನಿ ನನ್ನ ಐದು ತಿಂಗಳನ್ನು ಅಳಿಸಿಹಾಕಿತ್ತು. ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ನಾನು ಅಲ್ಲಿ ಕೆಲಸ ಮಾಡಿದ್ದೆ ಎಂದು ಅವರು ಸರ್ಕಾರಕ್ಕೆ ಹೇಳಿಯೇ ಇರಲಿಲ್ಲ. ಆ ಡಿಸೆಂಬರ್‌ನ ಮಂಜಿನಲ್ಲಿ ಬೆಳಿಗ್ಗೆ ಶೇರ್ ಆಟೋದಲ್ಲಿ ನಡುಗುತ್ತ ಹೋಗಿದ್ದು, ಫೆಬ್ರವರಿಯಲ್ಲಿ ಪರೀಕ್ಷೆ ಹತ್ತಿರ ಬಂತೆಂದು ರಾತ್ರಿ ಹತ್ತರವರೆಗೆ ಕೂತು ಮಕ್ಕಳ ಪಾಠ ತಿದ್ದಿದ್ದು, ಯಾವುದೂ ಎಲ್ಲೂ ಇಲ್ಲ. 5,10,000ಕ್ಕೆ ಬಟನ್ ಒತ್ತಿದರೆ ಅವರು ಅಳಿಸಿದ್ದಕ್ಕೆ ನಾನೇ ಸಹಿ ಹಾಕಿದ ಹಾಗೆ. ನಾಳೆ ಫೆಬ್ರವರಿಯ ಸಂಬಳ ಕೇಳಲು ಹೋದರೆ "ನೀವೇ ತೋರಿಸಿಲ್ಲವಲ್ಲ" ಎಂದರೆ ಏನು ಹೇಳಲಿ?

2024ರ ಜುಲೈ 27, ಶನಿವಾರ. ಪೋರ್ಟಲ್ ತುಂಬಿಟ್ಟಿದ್ದ 5,10,000 ಅಳಿಸಿ 9,35,000 ಬರೆದೆ. ಟಿಡಿಎಸ್ ಕಾಲಂನಲ್ಲಿ ಕಂಪನಿಯ ಟ್ಯಾನ್ ಸಂಖ್ಯೆಯ ಎದುರು 28,860 ತೆಗೆದು 48,100 ಎಂದು ಹಾಕಿದೆ. 26ಎಎಸ್‌ಗೆ ಇದು ತಾಳೆಯಾಗುತ್ತಿಲ್ಲ ಎಂದು ಪೋರ್ಟಲ್ ಎಚ್ಚರಿಸಿತು. ಗೊತ್ತು ಮಾರಾಯ ಎಂದುಕೊಂಡು ಮುಂದುವರಿದೆ. ಆಧಾರ್ ಓಟಿಪಿ ಹಾಕಿ ಮುಗಿಸಿದೆ. ಮರುವಾರ ನೋಯ್ಡಾದ ಟಿಡಿಎಸ್ ಅಧಿಕಾರಿಗೆ, ಈ ಕಂಪನಿ ಹಿಡಿದ ತೆರಿಗೆ ಕಟ್ಟಿಲ್ಲ ಎಂದು ಅರ್ಜಿ ಬರೆದು ಕೊಟ್ಟೆ.

ಅದೇ ದಿನಗಳಲ್ಲಿ ಮೆಟ್ರೋ ಕೆಳಗೆ ನಮ್ಮ ಹಳೆಯ ಆಫೀಸಿನಲ್ಲಿ ಚಹಾ ಕೊಡುತ್ತಿದ್ದ ಭೈಯಾ ಸಿಕ್ಕಿದ್ದರು. ಬಿಹಾರದವರು. ಈಗ ಯಾವುದೋ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ. "ದೀದಿ, ನಿಮ್ಮ ಕಾಗದ ಸಿಕ್ಕಿತಾ?" ಎಂದು ಕೇಳಿದರು. ಸಿಕ್ಕಿಲ್ಲ, ಆದರೂ ಲೆಕ್ಕ ಕೊಟ್ಟೆ ಎಂದೆ. ಅವರಿಗೆ ಬರಬೇಕಿದ್ದದ್ದು ಎರಡು ತಿಂಗಳ ಸಂಬಳ, ತಿಂಗಳಿಗೆ ಹದಿನಾಲ್ಕು ಸಾವಿರ. ಅವರಿಗೆ ಆಫರ್ ಲೆಟರ್ ಇರಲಿಲ್ಲ, ಸ್ಲಿಪ್ ಇರಲಿಲ್ಲ, ಸಂಬಳ ಕೈಗೇ ಕೊಡುತ್ತಿದ್ದರು. ನನ್ನ ಹಾಳೆಯ ಹಾಗೆ ಬರೆಯಲು ಅವರ ಬಳಿ ಒಂದು ಸಾಲೂ ಇರಲಿಲ್ಲ. ತೆರಿಗೆ ಕಟ್ಟುವಷ್ಟು ಸಂಬಳ ಇರುವುದು, ಅದಕ್ಕಾಗಿ ಜಗಳವಾಡಲು ಕಾಗದ ಇರುವುದು ಎಷ್ಟು ದೊಡ್ಡ ಸವಲತ್ತು ಎಂದು ಅವತ್ತು ಮೆಟ್ರೋ ಮೆಟ್ಟಿಲು ಹತ್ತುವಾಗ ಅನ್ನಿಸಿತು.

ನವೆಂಬರ್‌ನಲ್ಲಿ ಆ ಮೇಲ್ ಬಂತು. ದೇಶದ ಎಲ್ಲೆಡೆಯಿಂದ ಸಲ್ಲಿಸುವ ರಿಟರ್ನ್‌ಗಳನ್ನು ಪರಿಶೀಲಿಸುವ ಸಿಪಿಸಿ ಇರುವುದು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಹೀಗೆ ಒಂದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತ ನನಗೆ ಇನ್ನೊಂದು ಎಲೆಕ್ಟ್ರಾನಿಕ್ ಸಿಟಿಯಿಂದ 143(1)ರ ತಿಳುವಳಿಕೆ ಪತ್ರ. ಎರಡು ಕಾಲಂ: 'ನೀವು ಹೇಳಿದ್ದು', 'ನಾವು ಲೆಕ್ಕ ಹಾಕಿದ್ದು'. ನನ್ನ ಕಾಲಂನಲ್ಲಿ 48,100, ಅವರ ಕಾಲಂನಲ್ಲಿ 28,860. ಬಡ್ಡಿ ಸೇರಿ ಬಾಕಿ ಹದಿನೆಂಟು ಸಾವಿರ ದಾಟಿತ್ತು. ಬರುತ್ತದೆ ಎಂದು ಗೊತ್ತಿದ್ದರೂ ಕೈ ತಣ್ಣಗಾಯಿತು.

ಪೋರ್ಟಲ್‌ನಲ್ಲಿ 'ಬೇಡಿಕೆಯನ್ನು ಒಪ್ಪುವುದಿಲ್ಲ' ಎಂಬ ಆಯ್ಕೆ ಇದೆ. ಅದನ್ನು ಒತ್ತಿ ಕಾರಣ ಬರೆದೆ. ಅಷ್ಟೇ ಸಾಲದು, ನಿನ್ನ ತೆರಿಗೆ ಅಧಿಕಾರಿಗೂ ಬರೆದು ಕೊಡು ಎಂದರು ಕಾಕಾ. ನನ್ನ ತೆರಿಗೆ ಅಧಿಕಾರಿ ಯಾರು? ಹುಡುಕಿದರೆ ಶಿವಮೊಗ್ಗ! ಪಿಯುಸಿ ಮುಗಿದಾಗ ಪ್ಯಾನ್ ಮಾಡಿಸಿದ್ದು ಊರಿನ ವಿಳಾಸದಲ್ಲಿ. ನಾನು ದೆಹಲಿಗೆ ಬಂದು ಇಷ್ಟು ವರ್ಷವಾದರೂ ನನ್ನ ಪ್ಯಾನ್ ಮಾತ್ರ ಊರು ಬಿಟ್ಟು ಬಂದೇ ಇರಲಿಲ್ಲ.

ಅಪ್ಪಯ್ಯನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅದುವರೆಗೆ ಮುಚ್ಚಿಟ್ಟಿದ್ದೆ. ಗಾಬರಿಯಾಗುತ್ತಾರೆ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಂದ್ರೆ, ಹಮಾಲಿ ಅಂತ ಮಂಡಿಯವ್ರು ಹಿಡ್ಕೊಂಡ್ರು, ಹಮಾಲರಿಗೆ ಕೊಡ್ಲಿಲ್ಲ. ಈಗ ಹಮಾಲರು ನಮ್ಮನ್ನ ಕೇಳ್ತಾ ಇದಾರೆ. ಹಂಗೇ ಅಲ್ದಾ?"

"ಹಂಗೇ ಅಪ್ಪಯ್ಯ."

"ಪಟ್ಟಿ ಇದ್ಯಲ್ಲ, ಮತ್ತೆಂತ ಹೆದರ್ಕೆ? ಕಳ್ಸು, ನಾನೇ ತಗೊಂಡು ಹೋಗ್ತೆ."

ಅರ್ಜಿ ಬರೆಯುವಾಗ ಈ ದಾರಿಯಲ್ಲಿ ನನಗಿಂತ ಮೊದಲು ನಡೆದವರು ಎಷ್ಟು ಜನ ಎಂದು ಗೊತ್ತಾಯಿತು. ಬೆಂಗಳೂರಿನದೇ ಆದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದಾಗ ಸಾವಿರಾರು ನೌಕರರ ಸಂಬಳ ಬಾಕಿ ಉಳಿಯಿತು. ಅವರ ಸಂಬಳದಿಂದ ಹಿಡಿದ ಟಿಡಿಎಸ್ ಕೂಡ ಸರ್ಕಾರಕ್ಕೆ ಪೂರ್ತಿ ತಲುಪಿರಲಿಲ್ಲ. ವರ್ಷಗಳ ಮೇಲೆ ತೆರಿಗೆ ಬೇಡಿಕೆ ಹೋದದ್ದು ಪೈಲಟ್‌ಗಳ ಮನೆಗೆ. ಅವರಲ್ಲಿ ಕೆಲವರು ಗುಜರಾತ್ ಹೈಕೋರ್ಟಿಗೆ ಹೋದರು. ಹಿಡಿದ ತೆರಿಗೆಯನ್ನು ನೌಕರನಿಂದ ಮತ್ತೆ ವಸೂಲಿ ಮಾಡುವಂತಿಲ್ಲ ಎಂದು ಅಲ್ಲಿ ತೀರ್ಪಾಯಿತು. 2023ರ ಫೆಬ್ರವರಿಯಲ್ಲಿ ಇಂಥದೇ ಒಂದು ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಇನ್ನೊಂದು ಮಾತು ಸೇರಿಸಿತು: ವಸೂಲಿಯಷ್ಟೇ ಅಲ್ಲ, ಮುಂದಿನ ವರ್ಷಗಳ ರಿಫಂಡ್‌ನಿಂದ ಮುರಿದುಕೊಳ್ಳುವುದೂ ಕೂಡದು. ನೇರ ತೆರಿಗೆ ಮಂಡಳಿಯೇ 2015ರ ಜೂನ್ 1ರಂದು, ಮತ್ತೆ 2016ರ ಮಾರ್ಚ್ 11ರಂದು, ಇಂಥ ಬೇಡಿಕೆಗಳನ್ನು ಬಲವಂತದಿಂದ ವಸೂಲಿ ಮಾಡಬೇಡಿ ಎಂದು ತನ್ನ ಅಧಿಕಾರಿಗಳಿಗೆ ಸೂಚಿಸಿತ್ತು. ನನ್ನ 19,240ಕ್ಕೆ ಹೈಕೋರ್ಟಿಗೆ ಹೋಗುವ ಶಕ್ತಿ ನನಗಿಲ್ಲ. ಆದರೆ ಹೋದವರ ತೀರ್ಪನ್ನು ಅರ್ಜಿಯಲ್ಲಿ ಬರೆಯಲು ಯಾವ ಖರ್ಚೂ ಇಲ್ಲ.

ಡಿಸೆಂಬರ್‌ನ ಒಂದು ಸೋಮವಾರ ಅಪ್ಪಯ್ಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟರು. ಕೊಯ್ಲಿನ ಕಾಲ, ಕೊನೆಗೌಡನಿಗೆ ಮರುದಿನ ಬಾ ಎಂದಿದ್ದರಂತೆ. ಸಾಗರದಿಂದ ಶಿವಮೊಗ್ಗಕ್ಕೆ ಎಪ್ಪತ್ತು ಕಿಲೋಮೀಟರ್. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಅರ್ಜಿಯನ್ನು ಎರಡು ಪ್ರತಿ ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದರು. ಮಧ್ಯಾಹ್ನ ಫೋನ್ ಬಂತು. "ಕೊಟ್ಟಾಯ್ತು. ಕೂರ್ಸಿ ಮಾತಾಡ್ಸಿದ್ರು. ತೆರಿಗೆ ನಿಮ್ದಾ ಅಂತ ಕೇಳಿದ್ರು. ಅಲ್ಲ, ಮಗಳದ್ದು, ದೆಹಲೀಲಿ ಇದಾಳೆ ಅಂದೆ." ದನಿಯಲ್ಲಿ ಹೆಮ್ಮೆ ಇತ್ತು. ಬಾಕಿ ನೋಟಿಸಿಗೆ ಉತ್ತರ ಕೊಡಲು ಹೋದವರ ದನಿಯ ಹಾಗಿರಲಿಲ್ಲ ಅದು.

"ಎರಡನೇ ಪ್ರತಿಗೆ ಸೀಲ್ ಹಾಕಿಸ್ಕೊಂಡ್ರಾ?" ಎಂದು ಕೇಳಿದೆ.

"ಅದ್ನ ನೀನು ನಂಗೆ ಹೇಳ್ಕೊಡ್ಬೇಕಾ?" ಎಂದು ಗದರಿದರು.

ಆಮೇಲೆ ಏನಾಯಿತು? ಸಿನಿಮಾದ ಹಾಗೆ ಏನೂ ಆಗಲಿಲ್ಲ. ಬೇಡಿಕೆ ಇವತ್ತಿಗೂ ಪೋರ್ಟಲ್‌ನಲ್ಲಿದೆ. ವಸೂಲಿಗೆ ಯಾರೂ ಬಂದಿಲ್ಲ. 2025ರ ರಿಟರ್ನ್‌ನಲ್ಲಿ ಒಂದು ಚಿಕ್ಕ ರಿಫಂಡ್ ಬರಬೇಕಿತ್ತು. ಅದನ್ನು ಹಳೆಯ ಬಾಕಿಗೆ ಹೊಂದಿಸಿಕೊಳ್ಳುತ್ತೇವೆ ಎಂದು 245ನೇ ಸೆಕ್ಷನ್‌ನ ನೋಟಿಸ್ ಬಂತು. ಒಪ್ಪುವುದಿಲ್ಲ ಎಂದು ಬರೆದು, ಶಿವಮೊಗ್ಗದ ಸೀಲ್ ಇದ್ದ ಪ್ರತಿಯನ್ನು ಲಗತ್ತಿಸಿದ್ದೇನೆ. 2026ರ ಏಪ್ರಿಲ್‌ನಿಂದ ಹಳೆಯ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ. ನಾನು ಬಾಯಿಪಾಠ ಮಾಡಿದ ಸೆಕ್ಷನ್ ಸಂಖ್ಯೆಗಳೆಲ್ಲ ಹಳೆಯವಾಗುತ್ತವೆ. ನನ್ನ ಜಗಳ ಇನ್ನೂ ಇರುತ್ತದೆ.

ಈಗ ನನಗೆ ಒಂದಷ್ಟು ಅಭ್ಯಾಸಗಳಾಗಿವೆ. ಸಂಬಳ ಬಂದ ದಿನವೇ ಸ್ಲಿಪ್ ಇಳಿಸಿಕೊಂಡು ಸ್ವಂತ ಮೇಲ್‌ಗೆ ಕಳಿಸುತ್ತೇನೆ. ಕಂಪನಿಯವರು ಮೂರು ತಿಂಗಳಿಗೊಮ್ಮೆ ಟಿಡಿಎಸ್ ಲೆಕ್ಕ ಸಲ್ಲಿಸಬೇಕು. ಜುಲೈ, ಅಕ್ಟೋಬರ್, ಜನವರಿ ಕೊನೆಗೆ ಮತ್ತು ಮೇ ಕೊನೆಗೆ ಅದರ ಗಡುವು. ಅದಾದ ಎರಡು ವಾರಕ್ಕೆ 26ಎಎಸ್ ತೆರೆದು ನೋಡುತ್ತೇನೆ. 2024ರ ಫೆಬ್ರವರಿಯಲ್ಲಿ ಹೀಗೆ ನೋಡಿದ್ದರೆ, ಡಿಸೆಂಬರ್‌ವರೆಗಿನ ಮೂರು ತಿಂಗಳು ಖಾಲಿ ಇದ್ದದ್ದು ಆಗಲೇ ಕಾಣುತ್ತಿತ್ತು. ಆಫೀಸಿಗೆ ಬೀಗ ಬೀಳುವ ಮೊದಲೇ, ಕೇಳಲು ಎದುರಿಗೆ ಮನುಷ್ಯರಿದ್ದಾಗಲೇ ಕೇಳಬಹುದಿತ್ತು. ಹೊಸದಾಗಿ ದೆಹಲಿಗೆ ಬಂದು ಸಣ್ಣ ಕಂಪನಿ ಸೇರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ರೂಮು, ಮೆಸ್ಸು, ಮೆಟ್ರೋ ಕಾರ್ಡಿನ ಜೊತೆ ಇದನ್ನೂ ಹೇಳುತ್ತೇನೆ. ಬೇಸರ ಮಾಡಿಕೊಳ್ಳುತ್ತಾರೆ. ನಾನೂ ಮಾಡಿಕೊಳ್ಳುತ್ತಿದ್ದೆ.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ನೋಟಿಸಿಗೆ ಉತ್ತರಿಸಲು ಆ ಸೀಲಿನ ಪ್ರತಿ ಬೇಕಿತ್ತು. ಅಪ್ಪಯ್ಯ ಟ್ರಂಕ್ ತೆಗೆದು ಪಟ್ಟಿಗಳ ಕಟ್ಟು ಬಿಚ್ಚಿದರು. ವರ್ಷದ ಪ್ರಕಾರ ಜೋಡಿಸಿಟ್ಟಿದ್ದರು. 2024ರ ಅಡಿಕೆ ಪಟ್ಟಿಗಳ ಕೊನೆಗೆ ನನ್ನ ಅರ್ಜಿ ಇತ್ತು. ಜಗಲಿಯ ತುದಿಗೆ ಹೋಗಿ, ನೆಟ್‌ವರ್ಕ್ ಸಿಗುವಲ್ಲಿ ನಿಂತು ಫೋಟೋ ತೆಗೆದುಕೊಂಡು ವಾಪಸ್ ಕೊಟ್ಟೆ.

"ಆ ಫೆಬ್ರವರಿ ಸಂಬಳ ಬಂತಾ?" ಎಂದು ಕೇಳಿದರು.

"ಇಲ್ಲ ಅಪ್ಪಯ್ಯ."

"ಲೆಕ್ಕದಲ್ಲಿ ಬರ್ದಿದೀಯಲ್ಲ?"

"ಬರ್ದಿದೀನಿ."

"ಹಂಗಾರೆ ಇರ್ಲಿ" ಎಂದು ಕಾಗದವನ್ನು ಅದರ ಜಾಗದಲ್ಲಿಟ್ಟು, ಕಟ್ಟಿಗೆ ಮತ್ತೆ ದಾರ ಸುತ್ತಿದರು.